ನಾಲ್ಕು ಬೆರಳು ಕೊಸರು

ದೆಲ್ಫಿನಾ ತಾರ್ಕಿ ಮೊದಲ ಸಲ ನಿಯೇವೆಸ್ ಯುಹ್ರಾಳನ್ನು ಕಂಡದ್ದು ಒಂದು ಗುರುವಾರ, ಬೆಟ್ಟದ ನೆತ್ತಿಯ ಮೇಲಿನ ಊರು ಎಲ್ ಆಲ್ತೊದ ಸಂತೆಯಲ್ಲಿ, ಬೆಳಗಿನ ಒಂಬತ್ತರ ಸುಮಾರಿಗೆ. ಹಿಂದಿನ ದಿನ ಆಲಿಕಲ್ಲು ಬಿದ್ದಿತ್ತು. ಹಳೇ ರೈಲುಹಳಿಯ ಆಚೆ, ಸೈಕಲ್ ಸಾಮಾನಿನವರ ಸಾಲಿನಲ್ಲಿ ನೆಲ ಇನ್ನೂ ಒದ್ದೆಯಾಗಿತ್ತು. ನೀಲಿ ಟಾರ್ಪಾಲಿನ ಮೇಲೆ ಚೈನು, ಸೀಟು, ಬ್ರೇಕಿನ ತಂತಿ ಹರಡಿ ಕೂತವರು ಅಂಚಿಗೆ ನಿಂತ ನೀರನ್ನು ಪೊರಕೆಯಿಂದ ಪಕ್ಕದವರ ಕಡೆ ತಳ್ಳುತ್ತಿದ್ದರು; ಪಕ್ಕದವರು ಬೈಯುತ್ತ ಅದನ್ನೇ ವಾಪಸು ತಳ್ಳುತ್ತಿದ್ದರು. ದೆಲ್ಫಿನಾಳ ಕೈಯಲ್ಲಿ ಒಂದು ಲೋಟ ಆಪಿ ಇತ್ತು. ನೇರಳೆ ಜೋಳದ ಆ ಬಿಸಿ ಗಂಜಿ ಚೆಲ್ಲಿ ಬೆರಳೆಲ್ಲ ಅಂಟಂಟಾಗಿತ್ತು. ಅವಳಿಗೆ ಆಗ ಹತ್ತೊಂಬತ್ತು ವರ್ಷ, ಎತ್ತರ ಐದಡಿಗೆ ಒಂದು ಕೂದಲೆಳೆ ಕಡಿಮೆ. ಪ್ರವಾಸಿಗಳನ್ನು ಸೈಕಲ್ಲಿನ ಮೇಲೆ ಬೆಟ್ಟ ಇಳಿಸುವ ಗೈಡುಗಳ ತರಬೇತಿ ಮುಗಿಸಿದ್ದಳು. ಇನ್ನು ಅಭ್ಯಾಸಕ್ಕೆ ಸ್ವಂತ ಸೈಕಲ್ಲು ಬೇಕಿತ್ತು. ಗಾರೆ ಕೆಲಸದ ಅಪ್ಪ ಕಾಸಿಯಾನೊ ಅವತ್ತು ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

ಅಂಗಡಿಯವನು ಹಗ್ಗಕ್ಕೆ ಎರಡು ಫ್ರೇಮು ತೂಗುಹಾಕಿದ್ದ. ಒಂದೇ ಕಂಪನಿ, ಒಂದೇ ನೀಲಿ ಬಣ್ಣ. ಒಂದರ ಮೇಲೆ ಎಸ್ ಅಂತ ಚೀಟಿ, ಇನ್ನೊಂದರ ಮೇಲೆ ಎಲ್.

"ಎರಡಕ್ಕೂ ಒಂದೇ ರೇಟಾ?" ಕಾಸಿಯಾನೊ ಕೇಳಿದ.

"ಒಂದೇ ರೇಟು, ಅಣ್ಣಾ. ನಿಮಗೆ ಅಂತ."

"ಹಂಗಾದ್ರೆ ದೊಡ್ಡದೇ ಇಳಿಸು. ಕೊಸರು ಬಿಟ್ಟೋರುಂಟಾ?"

ಆ ಊರಲ್ಲಿ ಕೊಸರಿಗೆ ಯಾಪಾ ಅನ್ನುತ್ತಾರೆ. ಆಲೂಗಡ್ಡೆ ಕೊಂಡರೆ ಮೇಲೊಂದು ಹಿಡಿ, ಹಣ್ಣಿನ ರಸ ಕುಡಿದರೆ ಮೇಲರ್ಧ ಲೋಟ. ಯಾಪಾ ಕೇಳದೆ ಮನೆಗೆ ಬಂದ ಗಂಡಸನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಿಕೊಳ್ಳುತ್ತಾಳೆ. ಅದೇ ದುಡ್ಡಿಗೆ ನಾಲ್ಕು ಬೆರಳು ಹೆಚ್ಚು ಲೋಹ ಸಿಗುವಾಗ ಚಿಕ್ಕದನ್ನು ತರುವುದು ಕಾಸಿಯಾನೊನ ಲೆಕ್ಕದಲ್ಲಿ ಹೆಡ್ಡತನ.

"ಸವಾರಿ ಮಾಡೋದು ಈ ಹುಡುಗಿನಾ, ಇಲ್ಲಾ ನಿಮ್ಮನೆ ಗೂಳಿನಾ?"

ದನಿ ಬಂದದ್ದು ಪಕ್ಕದ ಟಾರ್ಪಾಲಿನಿಂದ. ಅಲ್ಲೊಬ್ಬಳು ನಲವತ್ತರ ಹೆಂಗಸು ಚಕ್ರವೊಂದನ್ನು ಮಡಿಲಲ್ಲಿಟ್ಟುಕೊಂಡು ಕಡ್ಡಿ ಬಿಗಿಯುತ್ತಿದ್ದಳು. ಎರಡು ಜಡೆಗಳನ್ನು ಬೆನ್ನಿಗೆ ಒಟ್ಟಿಗೆ ಗಂಟು ಹಾಕಿದ್ದಳು. ನೆರಿಗೆ ಲಂಗದ ಮೇಲೆ ಗ್ರೀಸು ಮೆತ್ತಿದ ಮುಂಬಟ್ಟೆ, ಬಲಗೈ ಹೆಬ್ಬೆರಳ ಉಗುರು ಕಪ್ಪು, ಕುತ್ತಿಗೆಗೆ ದರ್ಜಿಯ ಟೇಪು. ಹಲ್ಲಿನ ನಡುವೆ ಒಂದು ಚಕ್ರದ ಕಡ್ಡಿ ಕಚ್ಚಿಕೊಂಡೇ ಮಾತಾಡಿದ್ದಳು. ಅದೇ ನಿಯೇವೆಸ್.

ಯಾರೂ ಕರೆಯದೆ ಎದ್ದು ಬಂದಳು. ದೆಲ್ಫಿನಾಳ ಕೈಯಿಂದ ಲೋಟ ತೆಗೆದು ನೆಲದ ಮೇಲಿಟ್ಟು, "ಶೂ ಬಿಚ್ಚು. ಗೋಡೆಗೆ ಬೆನ್ನು ಕೊಡು," ಅಂದಳು. ದೆಲ್ಫಿನಾ ಯಾಕೆ ಅಂತಲೂ ಕೇಳದೆ ಬಿಚ್ಚಿದಳು. ಆ ದನಿಯೇ ಹಾಗಿತ್ತು. ನಿಯೇವೆಸ್ ಒಂದು ಹಳೇ ಟೆಲಿಫೋನ್ ಡೈರೆಕ್ಟರಿ ತಂದು, ಅದರ ಬೆನ್ನು ಮೇಲೆ ಬರುವಂತೆ ಹುಡುಗಿಯ ಕಾಲುಗಳ ನಡುವೆ ತೂರಿಸಿ, ಸೈಕಲ್ಲಿನ ಸೀಟು ಒತ್ತುವಷ್ಟು ಬಿಗಿಯಾಗಿ ಮೇಲಕ್ಕೆತ್ತಿ, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಸಂತೆಯೇ ನೋಡುತ್ತಿತ್ತು. ಯಾರೋ ಸಿಳ್ಳೆ ಹಾಕಿದ. ನಿಯೇವೆಸ್ ತಿರುಗಿಯೂ ನೋಡದೆ ಜೇಬಿನಿಂದ ಒಂದು ನಟ್ಟು ತೆಗೆದು ಆ ಕಡೆ ಎಸೆದಳು. "ಅಯ್ಯೋ" ಅಂತ ಕೇಳಿಸಿತು.

ನೆಲದಿಂದ ಗೆರೆಗೆ ಟೇಪು ಹಿಡಿದಳು. ಆಮೇಲೆ ದೊಡ್ಡ ಫ್ರೇಮಿಗೆ ಚಕ್ರ ಸಿಕ್ಕಿಸಿ ನಿಲ್ಲಿಸಿ, ನೆಲದಿಂದ ಅದರ ಅಡ್ಡಕಂಬಿಗೆ ಹಿಡಿದಳು.

"ನಾಲ್ಕು ಬೆರಳು. ಇವಳ ಕಾಲು ಮುಗಿದ ಮೇಲೂ ನಾಲ್ಕು ಬೆರಳು ಕಂಬಿ ಇದೆ. ನಿಲ್ಲಬೇಕಾದಾಗ ಎಲ್ಲಿ ನಿಲ್ತಾಳೆ? ಗಾಳೀಲಾ?"

"ಬೆಳೀತಾಳೆ ಬಿಡಮ್ಮಾ," ಕಾಸಿಯಾನೊ ನಗಲು ನೋಡಿದ.

"ಹತ್ತೊಂಬತ್ತಕ್ಕೆ? ಇನ್ನು ಬೆಳೆದ್ರೆ ಅಡ್ಡಡ್ಡ ಬೆಳೀತಾಳೆ, ಯಜಮಾನ್ರೆ. ಹಾಸಿಗೆ ಉದ್ದ ಇದೆ ಅಂತ ಕಾಲು ಉದ್ದ ಆಗುತ್ತಾ?"

ಸಾಲಿಗೆ ಸಾಲೇ ನಕ್ಕಿತು. ಅಪ್ಪನ ಕಿವಿ ಕೆಂಪಾಗಿದ್ದನ್ನು ದೆಲ್ಫಿನಾ ಕಂಡಳು. ಸಿಮೆಂಟು ತಿಂದು ಬಿರುಕುಬಿಟ್ಟ ಆ ಕೈಗಳು ಇಸ್ತ್ರಿ ಅಂಗಿಯ ತೋಳಿನಂಚನ್ನು ಸುಮ್ಮನೆ ಎಳೆದುಕೊಳ್ಳುತ್ತಿದ್ದವು. ಅವಳು ಅಪ್ಪನ ಮುಂದೆ ಅಡ್ಡ ಬಂದು ನಿಂತಳು.

"ನಮ್ಮಪ್ಪನ ಮರ್ಯಾದೆ ತೆಗೆಯೋಕೆ ನೀನ್ಯಾರೇ?" ಅಂದಳು.

ನಿಯೇವೆಸ್ ಕಡ್ಡಿಯನ್ನು ಬಾಯಿಂದ ತೆಗೆದಳು. "ಇವತ್ತು ಸಿಟ್ಟು ನನ್ನ ಮೇಲಿರಲಿ, ಹುಡುಗಿ. ಆ ಕಂಬಿ ಹೊಡೆದ ದಿನ ಅದರ ಮೇಲೆ ಮಾಡ್ಕೊ."

ಅಪ್ಪ ಮಗಳು ದೊಡ್ಡ ಫ್ರೇಮನ್ನೇ ಕೊಂಡರು. ಸಾಲೆಲ್ಲ ನಕ್ಕ ಮೇಲೆ ಬೇರೇನು ಮಾಡಿಯಾರು? ಮನೆಯಂಗಳದಲ್ಲಿ ಕಾಸಿಯಾನೊ ಅದರ ನಾಲ್ಕೂ ಮೂಲೆಗೆ ಬಿಯರು ಚಿಮುಕಿಸಿ, ಬಣ್ಣದ ಕಾಗದದ ಚೂರು ಎರಚಿ, ಭೂತಾಯಿ ಪಚ್ಚಮಾಮಾಗೆ ಕೈಮುಗಿದು, "ಹುಡುಗೀನ ಕೈಬಿಡಬೇಡ ತಾಯಿ," ಅಂದ.

ಭೂತಾಯಿಯೇನೋ ಇದ್ದಳು. ಕಾಲು ಮುಟ್ಟುತ್ತಿರಲಿಲ್ಲ, ಅಷ್ಟೆ.

ದೆಲ್ಫಿನಾ ಆ ಸೈಕಲ್ಲಿನ ಮೇಲೆ ಸೊಂಟ ಒಂದು ಕಡೆ ಜಾರಿಸಿ ತುಳಿಯುವುದನ್ನು ಕಲಿತಳು. ನಿಲ್ಲಿಸುವಾಗ ಸೈಕಲ್ಲನ್ನು ಎಡಕ್ಕೆ ವಾಲಿಸಿ ಹೆಬ್ಬೆರಳ ತುದಿಯಿಂದ ನೆಲ ಹುಡುಕುವುದನ್ನೂ ಕಲಿತಳು. ಹ್ಯಾಂಡಲು ದೂರವಿದ್ದುದರಿಂದ ಕುತ್ತಿಗೆ ನೋಯುತ್ತಿತ್ತು. ಎಲ್ಲರಿಗೂ ನೋಯುತ್ತದೆ ಅಂದುಕೊಂಡಳು. ಐದು ವರ್ಷದ ಮೇಲೆ ಒಂದು ಟೂರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮಾಲೀಕ ಎರ್ವಿನ್, ಮರ್ಯಾದೆಗೆ ಎಲ್ಲರೂ ದೋನ್ ಎರ್ವಿನ್ ಅನ್ನುತ್ತಿದ್ದವನು, ಸೈಕಲ್ಲು ನಿಲ್ಲಿಸುವ ಕೊಟ್ಟಿಗೆಯ ಹನ್ನೊಂದನೇ ನಂಬರಿನ ಸೈಕಲ್ಲು ತೋರಿಸಿ, "ಇದು ಎಲ್. ನಡೆಯುತ್ತಾ ಮಗೂ?" ಅಂದಾಗ, "ನನಗೆ ಎಲ್ ಅಭ್ಯಾಸ, ದೋನ್ ಎರ್ವಿನ್," ಅಂತ ಹೆಮ್ಮೆಯಿಂದಲೇ ಹೇಳಿದಳು.

ಕೊಟ್ಟಿಗೆಯ ಮೂಲೆಯಿಂದ ಒಂದು ಗೊರಕೆಯಂಥ ಸದ್ದು ಬಂತು. ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್ ಅದೇ ಹೆಂಗಸು.

"ಗೂಳಿ ಹುಡುಗಿ," ಅಂದಳು ನಿಯೇವೆಸ್. "ಬೆಳೆದ್ಯಾ?"

ದೆಲ್ಫಿನಾ ಹನ್ನೊಂದನೇ ನಂಬರನ್ನು ತಳ್ಳಿಕೊಂಡು ಹೊರಗೆ ಹೋದಳು. ಒಂದು ವರ್ಷ ನಿಯೇವೆಸಳ ಜೊತೆ ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ.

ಉಳಿದ ಗೈಡುಗಳು ನಿಯೇವೆಸಳನ್ನು ಮೇಸ್ತ್ರಿ ಅನ್ನುತ್ತಿದ್ದರು, ಹೆದರುತ್ತಿದ್ದರು. ಆಕೆ ಗಣಿ ಊರಿನವಳು. ಗಣಿ ಮುಚ್ಚಿದ ವರ್ಷ ಎಲ್ಲರಂತೆ ಅವಳ ಮನೆಯವರೂ ಗಂಟುಮೂಟೆ ಕಟ್ಟಿ ಎಲ್ ಆಲ್ತೊಗೆ ಬಂದರು. ತಾಯಿ ಲಂಗ ಹೊಲಿಯುತ್ತಿದ್ದಳು. ಆ ನೆರಿಗೆ ಲಂಗಕ್ಕೆ ಏಳೆಂಟು ಗಜ ಬಟ್ಟೆ ಹಿಡಿಯುತ್ತದೆ. ಸೊಂಟದ ಅಳತೆಯಲ್ಲಿ ಒಂದು ಬೆರಳು ತಪ್ಪಿದರೂ ಅಷ್ಟೂ ಬಟ್ಟೆ ಕಾಲಿಗೆ ತೊಡರುತ್ತದೆ. "ಬಟ್ಟೆ ಚೆನ್ನಾಗಿದೆ ಅಂತ ಅಳತೆ ಬಿಟ್ರೆ, ಚೆನ್ನಾಗಿರೋ ಬಟ್ಟೇಲೇ ಮುಗ್ಗರಿಸ್ತಾರೆ," ಅನ್ನುತ್ತಿದ್ದಳಂತೆ ತಾಯಿ. ನಿಯೇವೆಸಳ ತಮ್ಮ ಫಿದೆಲ್ ಬೇರೊಂದು ಕಂಪನಿಯಲ್ಲಿ ಗೈಡಾಗಿದ್ದ. ಕುಳ್ಳ. ಅವನಿಗೂ ಮಿಕ್ಕಿದ ದೊಡ್ಡ ಸೈಕಲ್ಲೇ ಕೊಟ್ಟಿದ್ದರು. ಒಂದು ಮಳೆಯ ದಿನ ತಿರುವಿನಲ್ಲಿ ನಿಲ್ಲಿಸಲು ಕಾಲು ಚಾಚಿದ, ನೆಲ ಸಿಗಲಿಲ್ಲ. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ವರದಿಯಲ್ಲಿ ಎರಡೇ ಪದ ಬರೆದರು: ಸವಾರನ ತಪ್ಪು. ಆಸ್ಪತ್ರೆಯ ಮಂಚದ ಮೇಲೆ ಫಿದೆಲನಿಂದಲೇ ಸಹಿ ಹಾಕಿಸಿಕೊಂಡರು. ಈಗ ಅವನು ಕುಂಟುತ್ತ ಮೊಬೈಲ್ ಕವರು ಮಾರುತ್ತಾನೆ. ನಿಯೇವೆಸಳ ಸಿಟ್ಟಿಗೆ ಹುಟ್ಟಿದ ದಿನ ಅಂತ ಒಂದಿದ್ದರೆ ಅದೇ ದಿನ.

ಎರ್ವಿನ್‌ನ ಕೊಟ್ಟಿಗೆಯಲ್ಲಿ ಒಂದು ದಪ್ಪ ರಿಜಿಸ್ಟರಿತ್ತು. ದಿನಾ ಬೆಳಿಗ್ಗೆ ಪ್ರತಿ ಸೈಕಲ್ಲಿನ ನಂಬರಿನ ಮುಂದೆ ಮೆಕ್ಯಾನಿಕ್ 'ಸರಿ ಇದೆ' ಅಂತ ಸಹಿ ಹಾಕಬೇಕು. ನಿಯೇವೆಸ್ ಹನ್ನೊಂದನೇ ನಂಬರಿನ ಮುಂದೆ ಸಹಿಯ ಜೊತೆ ಪುಟ್ಟ ಅಕ್ಷರದಲ್ಲಿ '4 ಬೆರಳು' ಅಂತಲೂ ಬರೆಯುತ್ತಿದ್ದಳು. ದಿನಾ. ಬರೆಯುವ ಮುಂಚೆ ದೆಲ್ಫಿನಾಳನ್ನು ಸೈಕಲ್ಲಿನ ಮೇಲೆ ನಿಲ್ಲಿಸಿ, ಕಂಬಿ ಒತ್ತದ ಹಾಗೆ ನೆಟ್ಟಗೆ ಹಿಡಿದರೆ ಹಿಮ್ಮಡಿ ಎಷ್ಟು ಮೇಲಿರುತ್ತದೆ ಅಂತ ಬಗ್ಗಿ ನೋಡುತ್ತಿದ್ದಳು. ಇದು ತನ್ನನ್ನು ಅಣಕಿಸಲಿಕ್ಕೇ ಮಾಡುವ ಆಟ ಅಂತ ದೆಲ್ಫಿನಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೆ ಉರಿಯಲು ಬೇರೆ ಕಾರಣವೂ ಇತ್ತು. ಗೈಡುಗಳ ಸಂಘದ ನಿಯಮ ಹೀಗೆ: ವರದಿಯಲ್ಲಿ ಮೂರು ಸಲ 'ಸವಾರನ ತಪ್ಪು' ಬಿದ್ದರೆ ಗೈಡ್ ಕಾರ್ಡು ಕಿತ್ತುಕೊಳ್ಳುತ್ತಾರೆ. ಕಾರ್ಡು ಹೋದರೆ ಯಾವ ಕಂಪನಿಯೂ ಸೇರಿಸಿಕೊಳ್ಳುವುದಿಲ್ಲ. ದೆಲ್ಫಿನಾ ಆಗಲೇ ಎರಡು ಸಲ ಬಿದ್ದಿದ್ದಳು. ಎರಡು ಸಲವೂ ತಿರುವಿನಲ್ಲಿ, ನಿಲ್ಲಿಸುವಾಗ. ಎರಡು ಸಲವೂ ಎರ್ವಿನ್ ವರದಿ ಮುಂದಿಟ್ಟ. ತಪ್ಪು ತನ್ನದೇ ಅಂತ ನಂಬಿ ಸಹಿ ಹಾಕಿದಳು.

ಎರಡನೇ ಸಲದ ಮೇಲೆ ಅವಳೇ ಮೌನ ಮುರಿದಳು. "ಮೇಸ್ತ್ರಿ, ಒಳ್ಳೇ ಫೋರ್ಕು ಹಾಕಿದ್ರೆ ಸರಿಹೋಗುತ್ತಾ? ಕೂಡಿಟ್ಟಿದ್ದು ಸ್ವಲ್ಪ ಇದೆ."

"ಹೊಟ್ಟೆನೋವಿಗೆ ತಲೆಗೆ ಎಣ್ಣೆ ಹಚ್ತೀಯಾ?"

"ಬೈಬೇಡಿ. ಸುಮ್ಮನೆ ಹೇಳಿ."

ನಿಯೇವೆಸ್ ಹನ್ನೊಂದನೇ ನಂಬರನ್ನು ಎಳೆದು ತಂದಳು. "ನೋಡು. ಫೋರ್ಕು ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಎರಡು ಕಾಲು, ಸೈಕಲ್ಲಿನ ಮೊಣಕಾಲು. ಅದು ಒಟ್ಟು ಎಷ್ಟು ಕುಸೀಬಹುದೋ ಅದು ಅದರ ಓಟ; ನೀನು ಕೂತಾಗ ಆ ಓಟದಲ್ಲಿ ಕಾಲು ಭಾಗ ಕುಸೀಬೇಕು. ಹೆಚ್ಚು ಕುಸಿದ್ರೆ ಒಳಗಿನ ಗಾಳಿ ಸಾಲದು, ಕುಸೀದೇ ಇದ್ರೆ ಗಾಳಿ ಜಾಸ್ತಿ. ಅದು ತೂಕದ ಮಾತು. ನಿನ್ನ ತೂಕಕ್ಕೆ ನಾನು ಆಗ್ಲೇ ಗಾಳಿ ಇಳಿಸಿದ್ದೀನಿ. ಫ್ರೇಮು ಎಲುಬಿನ ಮಾತು. ಎಲುಬಿಗೆ ಗಾಳಿ ಹೊಡೆಯೋಕಾಗಲ್ಲ. ನಿನಗೆ ಬೇಕಾಗಿರೋದು ಎಸ್. ಅಳತೆ ಮೊದಲು, ಫೋರ್ಕು ಆಮೇಲೆ."

"ಎಸ್ ಕೇಳಿದ್ರೆ ಎರ್ವಿನ್ ಕೊಡ್ತಾರಾ?"

"ಕೇಳಿದ್ಯಾ?"

ಕೇಳಿರಲಿಲ್ಲ. ಅಭ್ಯಾಸ ಇದೆ ಅಂತ ಹೇಳಿದ್ದವಳು ತಾನೇ ಅಲ್ಲವೇ!

ನಿಯೇವೆಸ್ ಅವತ್ತೇ ಹೋಗಿ ಕೇಳಿದಳು. ಕುಳ್ಳ ಗೈಡುಗಳು ಮೂವರಿದ್ದಾರೆ, ಮೂರು ಸಣ್ಣ ಫ್ರೇಮು ತರಿಸಿ ಅಂದಳು. ಎರ್ವಿನ್ ಕೆಟ್ಟವನಲ್ಲ, ನಯವಾದವನು. ನಯವಾದವರ ಜೊತೆ ಜಗಳ ಆಡುವುದು ಎಣ್ಣೆ ಸವರಿದ ಕಂಬ ಹತ್ತಿದ ಹಾಗೆ.

"ದೋನ್ಯಾ ನಿಯೇವೆಸ್, ಚಿಕ್ಕದು ತಂದ್ರೆ ದೊಡ್ಡವರು ಕೂರೋಕಾಗಲ್ಲ. ದೊಡ್ಡದು ತಂದ್ರೆ ಎಲ್ಲರೂ ಕೂರ್ತಾರೆ."

"ಕೂರ್ತಾರೆ, ದೋನ್ ಎರ್ವಿನ್. ಇಳಿಯೋದು ಹೇಗೆ?"

ಅವನು ನಕ್ಕ. ಈ ಸಲದ ದುಡ್ಡೆಲ್ಲ ಹೊಸ ಫೋರ್ಕಿಗೆ ಹೋಗಿದೆ ಅಂದ. ಚಿನ್ನದ ಬಣ್ಣದ ಕಾಲುಗಳ, ಹೆಚ್ಚು ಓಟದ ಫೋರ್ಕು. ಹದಿನಾಲ್ಕು. ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರೆ ಪ್ರವಾಸಿಗಳು ಮುಗಿಬೀಳುತ್ತಾರೆ.

"ಉದ್ದದ ಫೋರ್ಕು ಹಾಕಿದ್ರೆ ಮುಂಭಾಗ ಇನ್ನೂ ಎತ್ತರಕ್ಕೆ ಹೋಗುತ್ತೆ. ಆ ಹುಡುಗಿ ಕಾಲು ನೆಲದಿಂದ ಇನ್ನೂ ದೂರ."

"ಅವಳಿಗೆ ಅಭ್ಯಾಸ ಇದೆ ಅಂದಿದ್ದಾಳಲ್ಲ."

ಇನ್ನೊಂದು ಮಾತನ್ನೂ ನಿಯೇವೆಸ್ ಅವತ್ತೇ ಹೇಳಿದಳು. ಎಣ್ಣೆ ಹಾಕಿ ಫೋರ್ಕಿನ ಕಾಲು ಮುಚ್ಚುವ ಕೆಲಸವನ್ನು ಇಲ್ಲಿ ಮಾಡುವುದು ಬೇಡ, ಕೆಳಗೆ, ಇಳಿಜಾರು ಮುಗಿಯುವ ಯೋಲೊಸಾದಲ್ಲಿ ಮಾಡುತ್ತೇನೆ ಅಂದಳು. ಎರ್ವಿನ್ ಕೇಳಲಿಲ್ಲ. ಫೋಟೋಗೆ ಹಿಂದೆ ಹಿಮದ ಬೆಟ್ಟ ಬೇಕಿತ್ತು; ಅದು ಕಾಣುವುದು ಎಲ್ ಆಲ್ತೊದಿಂದ. ನಿಯೇವೆಸ್ ಹದಿನಾಲ್ಕೂ ಫೋರ್ಕನ್ನು ಅಲ್ಲೇ ಕೂರಿಸಿದಳು. ಮಾರನೇ ದಿನದಿಂದ ರಿಜಿಸ್ಟರಿನಲ್ಲಿ ಹನ್ನೊಂದರ ಮುಂದೆ '5 ಬೆರಳು' ಅಂತ ಬರೆದಳು. ಪೆನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಕೆಳಗಿನ ಹಾಳೆಯಲ್ಲೂ ಮೂಡಿತ್ತು.

ಫೋಟೋದ ಸಡಗರ ಮುಗಿದು ಹೊಸ ಫೋರ್ಕುಗಳು ಮೊದಲ ಸಲ ಬೆಟ್ಟ ಇಳಿದದ್ದು ಒಂದು ಶನಿವಾರ. ಒಂಬತ್ತು ಜನ ಪ್ರವಾಸಿಗಳು, ಇಬ್ಬರು ಗೈಡುಗಳು. ಮುಂದೆ ಒಬ್ಬ, ಕೊನೆಯಲ್ಲಿ ದೆಲ್ಫಿನಾ. ಹಿಂದೆ ಮಿನಿಬಸ್ಸಿನಲ್ಲಿ ನಿಯೇವೆಸ್, ಅವತ್ತಿನ ಜಾಹೀರಾತಿಗಾಗಿ ಬಿಳಿ ಜಾಕೆಟ್ಟು ತೊಟ್ಟ ಎರ್ವಿನ್. ಡಾಂಬರು ಮುಗಿದು, ಕೆಳಗಿನ ಕಾಡುಸೀಮೆ ಯುಂಗಾಸಿಗೆ ಇಳಿಯುವ ಹಳೇ ಮಣ್ಣುರಸ್ತೆ ಶುರುವಾಯಿತು. ಆ ರಸ್ತೆಯಲ್ಲಿ ಇಳಿಯುವವರು ಎಡಕ್ಕೇ ಇರಬೇಕು. ಎಡಕ್ಕೆ ಪ್ರಪಾತ.

ಜಲಪಾತ ರಸ್ತೆಯ ಮೇಲೇ ಬೀಳುವ ಜಾಗದ ಕೆಳಗೆ ಒಂದು ಇಕ್ಕಟ್ಟಿನ ತಿರುವು. ಅಲ್ಲಿ ಮುಂದಿದ್ದ ಪ್ರವಾಸಿ ಹೆಂಗಸು ಫೋಟೋ ತೆಗೆಯಲೆಂದು ಹೇಳದೆ ಕೇಳದೆ ನಿಂತುಬಿಟ್ಟಳು. ದೆಲ್ಫಿನಾ ಎರಡೂ ಬ್ರೇಕು ಹಿಡಿದಳು. ಸೈಕಲ್ಲು ನಿಂತಿತು. ಎಡಗಾಲು ಚಾಚಿದಳು.

ನೆಲ ಇರಲಿಲ್ಲ.

ರಸ್ತೆಯ ಅಂಚು ಅಲ್ಲಿ ಒಂದು ಗೇಣು ಇಳಿಜಾರಾಗಿತ್ತು. ಅವಳ ಹೆಬ್ಬೆರಳು ಎಂದಿನ ಜಾಗದಲ್ಲಿ ನೆಲ ಹುಡುಕಿತು, ಬರೀ ಮಂಜು ಸಿಕ್ಕಿತು. ಸೈಕಲ್ಲು ಎಡಕ್ಕೆ ವಾಲತೊಡಗಿತು. ಏನು ಮಾಡಿದೆ ಅಂತ ಆಮೇಲೆ ಕೇಳಿದರೆ ಅವಳಿಗೇ ನೆನಪಿರಲಿಲ್ಲ. ಇಡೀ ಮೈಯನ್ನು ಬಲಕ್ಕೆ ಎಸೆದಳು. ಅಡ್ಡಕಂಬಿ ತೊಡೆಸಂದಿಗೆ ಬಡಿಯಿತು, ಹ್ಯಾಂಡಲು ಪಕ್ಕೆಗೆ, ಮೊಣಕೈ ಕಲ್ಲಿಗೆ. ಹಿಂದಿನ ಚಕ್ರ ಅಂಚಿನಾಚೆ ಗಾಳಿಯಲ್ಲಿ ತಿರುಗುತ್ತಿತ್ತು. ಅವಳು ರಸ್ತೆಯ ಕೆಸರಿನಲ್ಲಿ ಕವುಚಿ ಬಿದ್ದಿದ್ದಳು, ಒಂದು ಕೈಯಲ್ಲಿ ಸೈಕಲ್ಲಿನ ಮುಂದಿನ ಚಕ್ರ ಹಿಡಿದುಕೊಂಡು.

ನಿಯೇವೆಸ್ ಬಸ್ಸು ನಿಲ್ಲುವ ಮುಂಚೆಯೇ ಹಾರಿ ಬಂದಳು. ಬೈಯುತ್ತಾಳೆ ಅಂದುಕೊಂಡಳು ದೆಲ್ಫಿನಾ. ಬೈಯಲಿಲ್ಲ. ಮೊಣಕೈ ಮುಟ್ಟಿ ನೋಡಿ, ಪಕ್ಕೆ ಒತ್ತಿ ನೋಡಿ, "ಉಸಿರು ಎಳ್ಕೊ. ನೋವಾ? ಸರಿ, ಮುರಿದಿಲ್ಲ," ಅಂದಳು. ಆಮೇಲೆ ಅಂಚಿನಾಚೆ ನೇತಾಡುತ್ತಿದ್ದ ಸೈಕಲ್ಲನ್ನು ತಾನೇ ರಸ್ತೆಗೆ ಎಳೆದು ತಂದಳು.

ಯೋಲೊಸಾ ತಲುಪುವ ಹೊತ್ತಿಗೆ ಇನ್ನೊಂದು ಗಲಾಟೆ ಶುರುವಾಗಿತ್ತು. ಪ್ರವಾಸಿಗಳೆಲ್ಲ ಚಿನ್ನದ ಬಣ್ಣದ ಫೋರ್ಕುಗಳನ್ನು ಒತ್ತಿ ನೋಡುತ್ತಿದ್ದರು. ಮೇಲೆ ನೆಟ್ಟಗೆ ನಿಂತಿದ್ದ ಫೋರ್ಕುಗಳು ಕೆಳಗೆ ಬಂದಾಗ ಮಂಡಿ ಮಡಿಸಿದ ಹಾಗೆ ಕುಸಿದು ಕೂತಿದ್ದವು. ಕಡೆಯ ಒಂದು ಗಂಟೆ ಕಲ್ಲಿನ ಮೇಲೆ ಕಲ್ಲು ಕುಟ್ಟಿದ ಹಾಗಿತ್ತಂತೆ.

ಎರ್ವಿನ್‌ಗೆ ನಯ ಸಾಕಾಯಿತು. ಎಲ್ಲರೆದುರು, "ಇದೇನಮ್ಮಾ ನಿನ್ನ ಕೆಲಸ? ಹೊಸ ಫೋರ್ಕು ಒಂದೇ ದಿನಕ್ಕೆ ಹಾಳು ಮಾಡಿದ್ಯಲ್ಲಾ!" ಅಂದ.

ನಿಯೇವೆಸ್ ಬಸ್ಸಿನಿಂದ ಖಾಲಿ ನೀರಿನ ಬಾಟಲಿ ತಂದಳು. ಮೇಲೆ ಘಟ್ಟದ ನೆತ್ತಿಯಲ್ಲಿ ಕುಡಿದು ಮುಚ್ಚಳ ಹಾಕಿದ್ದು. ಅದು ಯಾರೋ ಹಿಂಡಿದ ಹಾಗೆ ಒಳಕ್ಕೆ ಸೊಟ್ಟಗಾಗಿತ್ತು. ಆ ರಸ್ತೆಯಲ್ಲಿ ಓಡಾಡುವ ಪ್ರತಿಯೊಬ್ಬನೂ ದಿನಾ ನೋಡುವ ಬಾಟಲಿ.

"ಇದನ್ನ ನಾನು ಹಾಳು ಮಾಡಿದ್ನಾ? ಮೇಲಿನ ಗಾಳಿ ತೆಳು, ಕೆಳಗಿನದು ದಪ್ಪ. ಮೇಲಿನ ಗಾಳೀನ ಫೋರ್ಕಿನ ಕಾಲಲ್ಲಿ ಮುಚ್ಚಿ ತಂದ್ರೆ ಕೆಳಗಿನ ಗಾಳಿ ಅದನ್ನ ಒತ್ತದೆ ಬಿಡುತ್ತಾ? ಸಮುದ್ರದ ದಂಡೇಲಿ ಕೂತು ಪುಸ್ತಕ ಬರೆದೋರಿಗೆ ಇದು ಗೊತ್ತಿಲ್ಲ. ನಿಮಗೆ ನಾನು ಹೇಳಿದ್ದೆ. ನಿಮಗೆ ಫೋಟೋ ಬೇಕಿತ್ತು!"

ಜೇಬಿನಿಂದ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ ತೆಗೆದು ಒಂದು ಫೋರ್ಕಿನ ರಬ್ಬರು ಬಳೆಯ ಸಂದಿಗೆ ಮೆಲ್ಲಗೆ ತೂರಿಸಿದಳು. 'ಸ್ಸ್' ಅಂತ ಗಾಳಿ ಒಳಕ್ಕೆಳೆದುಕೊಂಡ ಫೋರ್ಕು ಮುದುಕ ಎದ್ದು ನಿಂತ ಹಾಗೆ ಎದ್ದು ನಿಂತಿತು. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ನಿಯೇವೆಸ್ ಅವರ ಕಡೆ ನೋಡಿದ ನೋಟಕ್ಕೆ ಚಪ್ಪಾಳೆ ನಿಂತಿತು.

ಪ್ರವಾಸಿಗಳು ಹುರಿದ ಕೋಳಿ, ಬಾಳೆಕಾಯಿ ತಿನ್ನಲು ಹೋದ ಮೇಲೆ ಎರ್ವಿನ್ ಬಸ್ಸಿನ ಮುಂಭಾಗದಲ್ಲಿ, ಜೊತೆಗೆ ತಂದಿದ್ದ ರಿಜಿಸ್ಟರು ತೆರೆದ. ಅಪಘಾತದ ವರದಿಯನ್ನೂ ಅದರಲ್ಲೇ, ಅದೇ ದಿನ ಬರೆಯಬೇಕು. ಕಾರಣಕ್ಕೆ ಮೂರು ಕಾಲಂ ಅಚ್ಚಾಗಿದ್ದವು: ಸವಾರನ ತಪ್ಪು, ಯಂತ್ರದ ದೋಷ, ರಸ್ತೆ. ರಸ್ತೆ ಅಂತ ಬರೆದರೆ ಪೊಲೀಸರು ಬರುತ್ತಾರೆ.

"ಎರಡರಲ್ಲಿ ಒಂದು," ಅಂದ ಎರ್ವಿನ್. ದನಿ ಮತ್ತೆ ನಯವಾಗಿತ್ತು. "ಸವಾರನ ತಪ್ಪು ಅಂದ್ರೆ ದೆಲ್ಫಿನಾ ಸಹಿ ಹಾಕಬೇಕು. ಯಂತ್ರದ ದೋಷ ಅಂದ್ರೆ ಬೆಳಿಗ್ಗೆ 'ಸರಿ ಇದೆ' ಅಂತ ಬರೆದೋರು ಉತ್ತರ ಕೊಡಬೇಕು. ನೀವಿಬ್ಬರೇ ಮಾತಾಡ್ಕೊಳ್ಳಿ."

ದೆಲ್ಫಿನಾ ಪೆನ್ನು ನೋಡಿದಳು. ಮೂರನೇ ಸಹಿ. ಕಾರ್ಡು ಹೋಗುತ್ತದೆ. ಹಾಕದಿದ್ದರೆ ಈ ಹೆಂಗಸಿನ ಕೆಲಸ ಹೋಗುತ್ತದೆ. ಅಪ್ಪನನ್ನು ಸಂತೆಯಲ್ಲಿ ನಗೆಪಾಟಲು ಮಾಡಿದವಳದು. ಹೋಗಲಿ ಅಂತ ಒಂದು ಕ್ಷಣ ಅವಳಿಗೆ ಅನ್ನಿಸಿದ್ದು ನಿಜ. ಆಮೇಲೆ, ತಪ್ಪು ನನ್ನದೇ ಇರಬೇಕು, ಮೂರು ಸಲವೂ ಬಿದ್ದವಳು ನಾನೇ ಅಲ್ಲವೇ ಅನ್ನಿಸಿತು. ಪೆನ್ನಿಗೆ ಕೈ ಚಾಚಿದಳು.

ನಿಯೇವೆಸ್ ಆ ಕೈಯ ಮೇಲೆ ಫಟ್ಟನೆ ಹೊಡೆದಳು.

"ನನ್ನ ತಮ್ಮ ಹಿಂಗೇ ಹಾಕಿದ. ಮೂಳೆ ಮುರ್ಕೊಂಡು ಮಲಗಿದ್ದೋನು 'ಹೌದು, ನನ್ನದೇ ತಪ್ಪು' ಅಂದ. ಕುಳ್ಳಗೆ ಹುಟ್ಟಿದ್ದೇ ತಪ್ಪು ಅಂತ ಒಪ್ಕೊಂಡ ಹಾಗೆ! ನೀನೂ ಒಪ್ಕೊತೀಯೇನೇ?"

"ಮತ್ತೇನು ಮಾಡ್ಲಿ? ಬಿದ್ದಿದ್ದು ನಾನಲ್ವಾ?" ದೆಲ್ಫಿನಾ ಕಿರುಚಿದಳು. "ಆವತ್ತಿಂದ ಗೂಳಿ ಗೂಳಿ ಅಂತ ಆಡ್ಕೊಂಡ್ರಲ್ಲ! ದಿನಾ ನಾಲ್ಕು ಬೆರಳು ಅಂತ ಬರೆದು ಅಣಕಿಸಿದ್ರಲ್ಲ!"

ನಿಯೇವೆಸ್ ಅವಳ ಕಡೆ ತಿರುಗಿದಳು. "ಅಣಕ ಅಂದ್ಕೊಂಡ್ಯಾ?" ಅಂದಳು. ರಿಜಿಸ್ಟರು ಎಳೆದುಕೊಂಡು ಹಳೆಯ ಹಾಳೆಗೆ ಹೋಗಿ, ಅಲ್ಲಿಂದ ಒಂದೊಂದೇ ಮಗುಚತೊಡಗಿದಳು. "ನೋಡು. ಮಾರ್ಚಿ, ನಾಲ್ಕು ಬೆರಳು. ಮೇ, ನಾಲ್ಕು ಬೆರಳು. ಇಲ್ಲಿ ನೀನು ಮೊದಲ ಸಲ ಬಿದ್ದೆ. ಅವತ್ತೂ ನಾಲ್ಕು ಬೆರಳು. ಇಲ್ಲಿ ಎರಡನೇದು. ಇಲ್ಲಿ ಹೊಸ ಫೋರ್ಕು, ಐದು ಬೆರಳು. ಇಲ್ಲಿ ಇವತ್ತು. ಅಣಕಿಸೋಕೆ ಯಾರಾದ್ರೂ ಹದಿನಾಲ್ಕು ತಿಂಗಳು ಬರೀತಾರಾ? ಫಿದೆಲ್ ಬಿದ್ದಾಗ ಯಾರೂ ಏನೂ ಬರೆದಿಟ್ಟಿರಲಿಲ್ಲ. ಅದಕ್ಕೇ ಬರೆದೆ."

ದೆಲ್ಫಿನಾ ಆ ಪುಟ್ಟ ಅಕ್ಷರಗಳನ್ನು ನೋಡಿದಳು. ಹಾಳೆಯ ಮೇಲೆ ಹಾಳೆ. ಬೆಳಗಿನ ಚಳಿಯಲ್ಲಿ ತನ್ನ ಹಿಮ್ಮಡಿಯ ಪಕ್ಕ ಬಗ್ಗಿ ಕೂತ ಆ ಹೆಂಗಸು ಕಣ್ಣಿಗೆ ಬಂದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಅವಳೊಳಗಿನ ಸಿಟ್ಟು ಹೋಗಲಿಲ್ಲ; ಜಾಗ ಬದಲಿಸಿತು.

"ಸೈಕಲ್ಲು ಇಳಿಸಿ," ಅಂದಳು.

"ಏನು?" ಎರ್ವಿನ್ ಕೇಳಿದ.

"ಹನ್ನೊಂದನೇ ನಂಬರು ಇಳಿಸಿ, ದೋನ್ ಎರ್ವಿನ್. ನಾನು ಅದರ ಮೇಲೆ ನಿಲ್ತೀನಿ. ನೀವು ಬಗ್ಗಿ ನೋಡಿ."

ಅವಳೇ ಇಳಿಸಿದಳು, ನೋಯುವ ಪಕ್ಕೆ ಹಿಡಿದುಕೊಂಡು. ನಿಯೇವೆಸ್ ಅದರ ಕುಸಿದ ಫೋರ್ಕಿಗೂ ಪಟ್ಟಿ ತೂರಿಸಿ ಬೆಳಗಿನ ಎತ್ತರಕ್ಕೆ ಎಬ್ಬಿಸಿದಳು. ದೆಲ್ಫಿನಾ ಚಪ್ಪಟೆ ನೆಲದ ಮೇಲೆ ಕಾಲು ಅಗಲಿಸಿ ನಿಂತಳು. ಹೋಟೆಲಿನವರು, ಬಸ್ಸಿನ ಡ್ರೈವರು, ಕೋಳಿ ತಿನ್ನುತ್ತಿದ್ದ ಪ್ರವಾಸಿಗಳು ಎಲ್ಲರೂ ತಿರುಗಿ ನೋಡಿದರು. ತುದಿಗಾಲಲ್ಲಿ ನಿಂತರೂ ಕಂಬಿ ಅವಳನ್ನು ಎತ್ತಿ ಹಿಡಿದಿತ್ತು. ಆವತ್ತು ಸಂತೆಯಲ್ಲಿ ನೆಲಕ್ಕಿಳಿದುಹೋಗುವಷ್ಟು ನಾಚಿದ್ದ ಹುಡುಗಿ ಈಗ ಗಲ್ಲ ಎತ್ತಿ ನಿಂತಳು.

"ಬಗ್ಗಿ. ನಿಮ್ಮ ಬೆರಳಿಂದಲೇ ಅಳೆಯಿರಿ."

ಎರ್ವಿನ್ ಬಗ್ಗಲಿಲ್ಲ. ಬಿಳಿ ಜಾಕೆಟ್ಟಿಗೆ ಕೆಸರಾಗುತ್ತದೆಂದೋ ಏನೋ. ಡ್ರೈವರು ಬಗ್ಗಿದ. ಅವಳ ಹಿಮ್ಮಡಿಯ ಕೆಳಗೆ ಬೆರಳು ಜೋಡಿಸಿ ಹಿಡಿದು, "ಐದು, ಯಜಮಾನ್ರೆ," ಅಂದ. "ಸರಿಯಾಗಿ ಐದು."

ನಿಯೇವೆಸ್ ಮೂರು ಕಾಲಮ್ಮಿನ ಪಕ್ಕದ ಖಾಲಿ ಅಂಚಿನಲ್ಲಿ ಗೆರೆ ಎಳೆದು ನಾಲ್ಕನೆಯದ್ದು ಮಾಡಿದಳು. 'ಅಳತೆ ತಪ್ಪು' ಅಂತ ಬರೆದು ಸಹಿ ಹಾಕಿದಳು. ಅದರ ಕೆಳಗೆ ದೆಲ್ಫಿನಾ ಸಹಿ ಹಾಕಿದಳು. ಡ್ರೈವರು ಯಾರೂ ಕೇಳದಿದ್ದರೂ ತನ್ನದೊಂದು ಹಾಕಿದ.

"ಅಂಥಾ ಕಾಲಮ್ಮೇ ಇಲ್ಲ," ಅಂದ ಎರ್ವಿನ್.

"ಇನ್ನು ಮೇಲೆ ಇದೆ," ಅಂದಳು ನಿಯೇವೆಸ್.

ಅವಳ ಕೆಲಸ ಆ ಸಂಜೆಯೇ ಹೋಯಿತು. ಊರಿಗೆ ಹಿಂತಿರುಗಲು ಬಸ್ಸಿನಲ್ಲಿ ಜಾಗ ಕೊಡಲಿಲ್ಲ. ದೆಲ್ಫಿನಾ ಕೂಡ ಇಳಿದಳು. ಕಿತ್ತಳೆ ಹಣ್ಣಿನ ಲಾರಿಯ ಹಿಂಭಾಗದಲ್ಲಿ ಕೂತು ಇಬ್ಬರೂ ದಾರಿಯುದ್ದಕ್ಕೂ ಎರ್ವಿನ್‌ನನ್ನು ಸರದಿಯ ಮೇಲೆ ಬೈದರು. ಬೈಗಳು ಮುಗಿದ ಮೇಲೆ ಕಿತ್ತಳೆ ಸುಲಿದು ತಿಂದರು. ಗೈಡುಗಳ ಸಂಘ ರಿಜಿಸ್ಟರು ತರಿಸಿ ನೋಡಿತು. ಎರಡು ತಿಂಗಳು ಕಾರ್ಡು ತಡೆಹಿಡಿದು, ಮೂರನೇ ತಪ್ಪು ಸವಾರನದೆಂದು ಹೇಳಲು ಸಹಿಯಿಲ್ಲ ಅಂತ ದೆಲ್ಫಿನಾಳ ಕಾರ್ಡು ವಾಪಸು ಕೊಟ್ಟಿತು. ಮೊದಲಿನ ಎರಡನ್ನು ಅಳಿಸಲಿಲ್ಲ. ಅದಕ್ಕೆ ಅವಳಿಗೆ ಇವತ್ತಿಗೂ ಸಿಟ್ಟಿದೆ. ಎರ್ವಿನ್‌ನ ಕಂಪನಿಯಲ್ಲಿ ಈಗಲೂ ಚಿನ್ನದ ಬಣ್ಣದ ಫೋರ್ಕುಗಳ ಫೋಟೋ ಗೋಡೆಯ ಮೇಲಿದೆ.

ಮೊನ್ನೆ ಒಂದು ಭಾನುವಾರ ಕಾಸಿಯಾನೊ ಆ ನೀಲಿ ಫ್ರೇಮನ್ನು ಹೆಗಲ ಮೇಲೆ ಹೊತ್ತುಕೊಂಡು ಸಂತೆಗೆ ಹೋದ. ನಿಯೇವೆಸಳ ಟಾರ್ಪಾಲಿನ ಮುಂದೆ ಇಳಿಸಿ, ಅಂಗಿಯ ತೋಳು ಸರಿಮಾಡಿಕೊಂಡು, "ಕೊಸರು ವಾಪಸು ತಗೋತೀಯೇನಮ್ಮಾ?" ಅಂದ.

"ಈ ಗೂಳಿ ಇನ್ನೂ ಬದುಕಿದೆಯಾ, ಯಜಮಾನ್ರೆ?" ಅಂದಳು ನಿಯೇವೆಸ್. ಬಾಯಲ್ಲಿ ಕಡ್ಡಿ ಇತ್ತು. ಅದಕ್ಕೆ ಬದಲಾಗಿ ಎಸ್ ಚೀಟಿಯ ಒಂದು ಹಳೇ ಫ್ರೇಮು ಕೊಟ್ಟಳು. ಮೇಲೊಂದು ಚೈನನ್ನು ಯಾಪಾ ಅಂತ ಕೊಟ್ಟಳು.

ದೆಲ್ಫಿನಾ ಬೇರೆ ಕಂಪನಿಯಲ್ಲಿ, ಎರಡೂ ಪಾದ ನೆಲಕ್ಕೆ ಮುಟ್ಟುವ ಸೈಕಲ್ಲಿನ ಮೇಲೆ ಗೈಡಾಗಿದ್ದಾಳೆ. ನಿಯೇವೆಸ್ ಯುಹ್ರಾ ಗುರುವಾರ ಮತ್ತು ಭಾನುವಾರ ಎಲ್ ಆಲ್ತೊ ಸಂತೆಯಲ್ಲಿ, ಹಳೇ ರೈಲುಹಳಿಯ ಆಚೆ, ಗಿರಾಕಿಯ ಕಾಲಿನ ಅಳತೆ ತೆಗೆದು ಸೈಕಲ್ ಫ್ರೇಮು ಮಾರುತ್ತಾಳೆ. ಅಳತೆ ಕೊಡಲು ಒಪ್ಪದವರಿಗೆ ಮಾರುವುದಿಲ್ಲ.